ನೆಲ ಮುಟ್ಟದ ಕಾಲು

ಕಾವಿಗುಡ್ಡದ ಗಾಳಿಗೆ ವಿದ್ಯುತ್ತು ಹಾಕಿದ ಮೇಲೆ ಬಿಳಿಯ ಬಟ್ಟೆ ಬಿಳಿಯಾಗಿಯೇ ಒಣಗತೊಡಗಿತು. ಊರಿಗೆ ಅದೇ ಮೊದಲ ಬೆರಗು. ಅಲ್ಲಿಯವರೆಗೆ ಪಂಚೆ, ಎಮ್ಮೆಯ ಬೆನ್ನು, ಶಾಲೆಯ ಗೋಡೆ, ಮಜ್ಜಿಗೆಯ ಮೇಲಿನ ಕೆನೆ ಎಲ್ಲವೂ ಅದಿರಿನ ಧೂಳು ಕುಳಿತು ಒಂದೇ ಕೆಂಪಾಗಿದ್ದವು. ಗಂಡಸರು ಐವತ್ತು ದಾಟುವ ಮೊದಲೇ ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು. ಗಣಿಯಲ್ಲಿ ಉಸಿರಾಡಿದ್ದು ಎದೆಯೊಳಗೆ ಕಲ್ಲಾಗಿ ಕೂರುತ್ತಿತ್ತು. ನಿರ್ಧೂಳಿ ಯೋಜನೆಯವರು ಮನೆಮನೆ ಎಣಿಕೆ ಮಾಡಿದಾಗ ಆರು ಸಾವಿರ ಜನರ ಆ ಊರಿನಲ್ಲಿ ನಾನೂರ ಹನ್ನೆರಡು ವಿಧವೆಯರು ಸಿಕ್ಕರು.

ಯೋಜನೆಯ ಹೂರಣ ಸರಳವಾಗಿತ್ತು. ಊರಿನ ಸುತ್ತ ಮತ್ತು ಬೀದಿಗಳ ನೆತ್ತಿಯ ಮೇಲೆ ನೂರಾ ಎಂಬತ್ತು ಕಂಬಗಳು. ಪ್ರತಿ ಕಂಬದ ತುದಿಯಲ್ಲಿ ಕೂದಲೆಳೆಯಂಥ ತಂತಿ. ಆ ತಂತಿಗೆ ವಿಪರೀತ ವೋಲ್ಟೇಜು ಕೊಟ್ಟಾಗ ಅದರ ತುದಿಯಿಂದ ಋಣ ವಿದ್ಯುದಾವೇಶ ಗಾಳಿಗೆ ಸುರಿಯುತ್ತದೆ, ತೇಲುವ ಧೂಳಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಊರಾಚೆ ಧನ ಆವೇಶದ ದೊಡ್ಡ ತಗಡುಗಳನ್ನು ನಿಲ್ಲಿಸಿದೆ. ಋಣವನ್ನು ಧನ ಸೆಳೆಯುತ್ತದೆ. ಧೂಳು ತಾನಾಗಿ ಹೋಗಿ ತಗಡಿಗೆ ಬಡಿಯುತ್ತದೆ. ದಿನಕ್ಕೆ ಎರಡು ಸಲ ತಗಡನ್ನು ತಟ್ಟಿದರೆ ಲಾರಿ ತುಂಬುವಷ್ಟು ಕೆಂಪು ಹಿಟ್ಟು ಉದುರುತ್ತದೆ.

ಆದರೆ ಧೂಳಿಗೆ ಅಂಟುವುದು ಮನುಷ್ಯರಿಗೂ ಅಂಟುತ್ತದೆ. ಒಣ ಹವೆಯಲ್ಲಿ, ಒಣ ನೆಲದ ಮೇಲೆ ಓಡಾಡುವವರ ಮೈಯಲ್ಲಿ ಆವೇಶ ಶೇಖರವಾಗುತ್ತ ಹೋಗಿ, ಇನ್ನೊಬ್ಬರನ್ನು ಮುಟ್ಟಿದ ಕೂಡಲೇ ಚಟ್ಟೆಂದು ಕಿಡಿಯಾಗಿ ಹಾರುತ್ತದೆ. ಊರವರು ಅದಕ್ಕೆ ಕಡಿತ ಎಂದು ಹೆಸರಿಟ್ಟರು. ದೊಡ್ಡವರಿಗೆ ಚೇಳು ಕುಟುಕಿದಷ್ಟು ನೋವು, ಹಸುಗೂಸಿಗೆ ಇನ್ನೂ ಹೆಚ್ಚು. ಅದಕ್ಕಾಗಿಯೇ ಪ್ರತಿ ಬೀದಿಯಲ್ಲಿ, ಪ್ರತಿ ಮನೆಯ ನೆಲದಲ್ಲಿ ತಾಮ್ರದ ಗೆರೆಗಳನ್ನು ಹೂತು ಭೂಮಿಗೆ ಜೋಡಿಸಿದ್ದರು. ಜನರ ಮೈಯಿಂದ ಆ ಗೆರೆಗೆ ಒಂದು ಲೋಹದ ದಾರಿ ಬೇಕಿತ್ತು, ಅಷ್ಟೆ.

ಆ ದಾರಿಯನ್ನು ಹೇಳಿಕೊಟ್ಟವಳು ಮಹಾನಂದಾ.

ವಿನ್ಯಾಸ ಸಮಿತಿಯಲ್ಲಿ ಒಂಬತ್ತು ಜನ, ಅವರಲ್ಲಿ ಹೆಂಗಸು ಅವಳೊಬ್ಬಳೇ. ಗಂಡಸರಿಗೆ ಹಿಮ್ಮಡಿಗೆ ತೊಡಿಸುವ ಪಟ್ಟಿ ಎಂದು ಮೊದಲ ಹತ್ತು ನಿಮಿಷದಲ್ಲೇ ತೀರ್ಮಾನವಾಯಿತು. ಹುಡುಗಿಯರಿಗೆ ಗೆಜ್ಜೆ, ಹುಡುಗರಿಗೆ ಕಾಲಿಗೆ ಕಡಗ. ಹೆಂಗಸರ ವಿಷಯಕ್ಕೆ ಬಂದಾಗ ಎಲ್ಲರೂ ಅವಳ ಮುಖ ನೋಡಿದರು. ಪಟ್ಟಿ ಕೊಟ್ಟರೆ ಹೆಂಗಸರು ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾರೆ, ಅವರು ಎಂದೂ ಬಿಚ್ಚದಿರುವ ವಸ್ತು ಬೇಕು ಎಂದು ಮುಖ್ಯ ಇಂಜಿನಿಯರ್ ದೇಶಮುಖ ಹೇಳಿದರು. ಮಹಾನಂದಾ ಮೇಜಿನ ಕೆಳಗೆ ತನ್ನ ಪಾದ ನೋಡಿಕೊಂಡಳು. "ಕಾಲುಂಗುರ ಸರ್. ಅದನ್ನ ಯಾವ ಹೆಂಗಸೂ ಬಿಚ್ಚೋದಿಲ್ಲ" ಎಂದಳು. ಒಬ್ಬರು ಮೇಜು ತಟ್ಟಿದರು. ನಡಾವಳಿಯಲ್ಲಿ ಅವಳ ಹೆಸರು ಬರೆದುಕೊಂಡರು. ಆ ಸಂಜೆ ಮನೆಯಲ್ಲಿ ಅತ್ತೆ ಹಂಪಮ್ಮ ಅವಳ ಮುಂದೆ ಜೋಳದ ರೊಟ್ಟಿ, ಪುಂಡಿಪಲ್ಯೆ ಇಟ್ಟು ಎದುರಿಗೆ ಕೂತಿದ್ದಳು, ಕಾಲು ಚಾಚಿಕೊಂಡು. ಇಪ್ಪತ್ತಾರು ವರ್ಷದಿಂದ ಖಾಲಿಯಾಗಿದ್ದ ಆ ಬೆರಳುಗಳು ತಟ್ಟೆಯಿಂದ ಮೊಳದಷ್ಟು ದೂರದಲ್ಲಿದ್ದವು. ಮಹಾನಂದಾ ಊಟ ಮಾಡಿದಳು. ಸಭೆ ಚೆನ್ನಾಗಿ ಆಯಿತು ಎಂದೂ ಹೇಳಿದಳು.

ಈಗ ಅದನ್ನು ನೆನೆದಾಗ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಹಂಪಮ್ಮ ಊರಿಗೆಲ್ಲ ಬೇಕಾದ ಹೆಂಗಸಾಗಿದ್ದಳು. ಬಾಣಂತಿ ಮನೆಗಳಲ್ಲಿ ಕೂಸಿಗೆ ಎರೆಯುವುದು ಅವಳ ಕೆಲಸ. ಬಚ್ಚಲುಕಲ್ಲಿನ ಮೇಲೆ ಮಣೆ ಹಾಕಿ ಕೂತು, ಕಾಲು ನೀಡಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದರೆ ಎಂಥ ರಚ್ಚೆಯ ಕೂಸೂ ಅರ್ಧ ದಿನ ನಿದ್ದೆ ಹೋಗುತ್ತಿತ್ತು. ಕಾವಿಗುಡ್ಡದ ಅರ್ಧ ಊರು ಅವಳ ಕಾಲ ಮೇಲೆ ಮಲಗಿ ಎದ್ದದ್ದು. ಗಂಡ ಸತ್ತ ಮೇಲೆ ಮದುವೆ, ಸೀಮಂತಗಳಿಗೆ ಕರೆಯುವುದನ್ನು ಬಿಟ್ಟವರೂ ಎರೆಯುವುದಕ್ಕೆ ಮಾತ್ರ ಹಿಂಬಾಗಿಲಿನಿಂದ ಕರೆಯುತ್ತಿದ್ದರು. ಅವಳು ಹೋಗುತ್ತಿದ್ದಳು. ಯಾವ ಬಾಗಿಲಾದರೇನು, ಕೂಸು ಒಳಗೆ ಇರುತ್ತದಲ್ಲ ಎನ್ನುತ್ತಿದ್ದಳು.

ಕಂಬಗಳು ಬಂದ ಎರಡನೆಯ ವಾರ ಬಡಿಗೇರ ಓಣಿಯಲ್ಲಿ ಅವಳು ಒಂದು ಕೂಸನ್ನು ತೊಟ್ಟಿಲಿನಿಂದ ಎತ್ತಲು ಹೋದಾಗ ಕಿಡಿ ಹಾರಿತು. ಕೂಸಿನ ಕಿವಿಯ ಹತ್ತಿರ ಅಕ್ಕಿಕಾಳಿನಷ್ಟು ಸುಟ್ಟ ಕಲೆ. ಆ ತಿಂಗಳು ಇನ್ನೂ ಮೂರು ಕಡೆ ಬೇರೆ ಬೇರೆ ವಿಧವೆಯರಿಂದ ಹೀಗೇ ಆಯಿತು. ಯೋಜನೆಯ ಕಚೇರಿ ಒಂದು ಪ್ರಕಟಣೆ ಹೊರಡಿಸಿತು: ಉಂಗುರ ಅಥವಾ ಪಟ್ಟಿ ಧರಿಸದವರು ಒಂದು ವರ್ಷದೊಳಗಿನ ಮಗುವನ್ನು ಮುಟ್ಟಬಾರದು. ಅದರ ಕೆಳಗೆ ಸುರಕ್ಷಾ ಇಂಜಿನಿಯರ್ ಎಂದು ಮಹಾನಂದಾಳ ಸಹಿ ಇತ್ತು. ಸಹಿ ಮಾಡದೆ ಬೇರೆ ದಾರಿ ಇರಲಿಲ್ಲ. ಪ್ರಕಟಣೆಯಲ್ಲಿ ವಿಧವೆ ಎಂಬ ಪದವೂ ಇರಲಿಲ್ಲ. ಆದರೆ ಊರಿಗೆ ಓದಲು ಬರುತ್ತಿತ್ತು. ಮೊದಲು ಅಪಶಕುನ ಎನ್ನುತ್ತಿದ್ದವರು ಈಗ ಕಡಿತೈತೆ ಎಂದರು. ಹಾಗೆ ಅನ್ನುವಾಗ ಅವರಿಗೆ ನಾಚಿಕೆಯೂ ಆಗುತ್ತಿರಲಿಲ್ಲ, ವಿಜ್ಞಾನವೇ ಹೇಳಿತ್ತಲ್ಲ.

ಮಹಾನಂದಾ ಅಂದಿನಿಂದಲೇ ಬರೆಯತೊಡಗಿದಳು. ಅವಳು ಕೇಳಿದ್ದು ದೊಡ್ಡದೇನಲ್ಲ. ಉಂಗುರ, ಗೆಜ್ಜೆ ಎಲ್ಲ ಬಿಟ್ಟು ಗಂಡು ಹೆಣ್ಣು ಮುದುಕರು ಮಕ್ಕಳು ಎಲ್ಲರಿಗೂ ಒಂದೇ ತರಹದ ಪಟ್ಟಿ, ಕಣಕಾಲಿಗೆ ಕಟ್ಟುವಂಥದ್ದು, ಅದರಿಂದ ನೆಲಕ್ಕೆ ಇಳಿಯುವ ಒಂದು ತಂತಿಯ ಕುಚ್ಚು. ಮಾದರಿಯನ್ನು ತಾನೇ ಮಾಡಿ ಲಗತ್ತಿಸಿದಳು. ಕಡತ ವಿನ್ಯಾಸ ವಿಭಾಗಕ್ಕೆ ಹೋಯಿತು. ಇದು ಮಹಿಳೆಯರ ವಿಷಯ ಎಂದು ಅವರು ಮಹಿಳಾ ಇಲಾಖೆಗೆ ಕಳಿಸಿದರು. ಇದು ಸಂಪ್ರದಾಯಕ್ಕೆ ಸಂಬಂಧಿಸಿದ್ದು, ಸ್ಥಳೀಯರ ಅಭಿಪ್ರಾಯ ಪಡೆಯಿರಿ ಎಂದು ಅಲ್ಲಿಂದ ಬಂತು. ಊರ ಹಿರಿಯರ ಸಭೆ ಮಾಡಿದರು, ಅದರಲ್ಲಿ ಒಬ್ಬ ವಿಧವೆಯೂ ಇರಲಿಲ್ಲ. ಹಿರಿಯರು ಇದು ತಾಂತ್ರಿಕ ವಿಷಯ, ನಮಗೇನು ತಿಳಿದೀತು ಎಂದು ಬರೆದುಕೊಟ್ಟರು. ಕಡತ ಮತ್ತೆ ವಿನ್ಯಾಸ ವಿಭಾಗಕ್ಕೆ.

ನಿಯಂತ್ರಣ ಕೊಠಡಿಯಲ್ಲಿ ಅವಳ ಮೇಜಿನ ಮುಂದೆ ಒಂದು ಬಾಗುಮಾಪಕವಿತ್ತು. ಊರಿನ ಗಾಳಿಯ ಒಂದು ಎಳೆಯನ್ನು ಸದಾ ಒಳಗೆಳೆದು, ಅದರಲ್ಲಿನ ಆವೇಶಗೊಂಡ ಕಣಗಳನ್ನು ಎರಡು ಕಾಂತಗಳ ನಡುವೆ ಓಡಿಸುವ ಯಂತ್ರ. ಸುಮ್ಮನೆ ನಿಂತ ಆವೇಶಕ್ಕೆ ಕಾಂತ ಏನೂ ಮಾಡುವುದಿಲ್ಲ. ಓಡತೊಡಗಿದರೆ ಮಾತ್ರ ಅಡ್ಡಕ್ಕೆ ತಳ್ಳುತ್ತದೆ. ಭಾರದ ಕಣ ಸ್ವಲ್ಪ ಬಾಗುತ್ತದೆ, ಹಗುರದ್ದು ಹೆಚ್ಚು. ಯಾವುದು ಎಲ್ಲಿ ಬಿತ್ತು ಎಂದು ನೋಡಿ ಗಾಳಿಯಲ್ಲಿ ಏನೇನು ಉಳಿದಿದೆ ಎಂದು ಹೇಳಬಹುದು. ಯಂತ್ರದೊಳಗಿನ ಗಾಳಿ ತೀರ ತೆಳುವಾಗಿದ್ದು, ಕಾಂತ ಬಲವಾಗಿದ್ದರೆ ಕಣ ದುಂಡಗೆ ಸುತ್ತತೊಡಗುತ್ತದೆ. ಅದರ ವೇಗ ಕೂದಲಷ್ಟೂ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಕಾಂತ ಅದಕ್ಕೆ ಏನನ್ನೂ ಕೊಡುವುದಿಲ್ಲ, ದಿಕ್ಕು ತಿರುಗಿಸುತ್ತಲೇ ಇರುತ್ತದೆ.

ಪಕ್ಕದ ಮೇಜಿನ ಗಾದಿಲಿಂಗಪ್ಪ ಒಂದು ದಿನ ಅವಳು ಏಳನೆಯ ಜ್ಞಾಪನಾ ಪತ್ರ ಬರೆಯುವುದನ್ನು ನೋಡಿ, "ಮೇಡಂ, ನಿಮ್ ಕಾಗದ ಕಾಂತದಾಗ ಸಿಕ್ಕಂಡೈತೆ ಬಿಡ್ರಿ. ತಿರುಗ್ತೈತೆ, ಆದ್ರೆ ಎಲ್ಲೂ ಮುಟ್ಟಂಗಿಲ್ಲ" ಎಂದ. ಒಳ್ಳೆಯ ಮನುಷ್ಯ. ತಮಾಷೆಗೆ ಹೇಳಿದ್ದು. ಅವಳಿಗೆ ನಗು ಬರಲಿಲ್ಲ. ಸುತ್ತುವ ಕಣಕ್ಕೆ ದಣಿವಾಗುವುದಿಲ್ಲ, ನನಗೆ ಆಗುತ್ತದೆ ಎಂದು ಹೇಳಬೇಕೆನಿಸಿತು. ಲಕೋಟೆಗೆ ಅಂಟು ಹಚ್ಚಿದಳು.

ಅವಳು ಬರೆಯತೊಡಗಿದ ಹನ್ನೊಂದನೆಯ ತಿಂಗಳಲ್ಲಿ ಮಗಳು ನಿವೇದಿತಾ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಹಂಪಮ್ಮನಿಗೆ ಮರಿಮಗಳು. ಮುದುಕಿ ಆರು ತಿಂಗಳ ಮೊದಲೇ ಕುಸುಬೆ ಎಣ್ಣೆ ಕಾಸಿ ಬಾಟಲಿಗೆ ತುಂಬಿಟ್ಟಿದ್ದಳು; ಯಾರಿಗೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಕೂಸನ್ನು ಮನೆಗೆ ತಂದ ದಿನ ಅವಳು ಬಾಣಂತಿ ಕೋಣೆಯ ಹೊಸ್ತಿಲ ಆಚೆ ಕೂತು, ಕತ್ತು ಉದ್ದ ಮಾಡಿ ನೋಡಿದಳು. ಮೂಗು ಯಾರದು, ಹಣೆ ಯಾರದು ಎಂದು ಅಲ್ಲಿಂದಲೇ ಹೇಳಿದಳು. ನಿವೇದಿತಾಳ ಅತ್ತೆ ಫೋನಿನಲ್ಲಿ ದಿನವೂ ವಿಚಾರಿಸುತ್ತಿದ್ದರು, ಅಜ್ಜಿ ಹತ್ತಿರ ಬರುತ್ತಿಲ್ಲ ತಾನೆ ಎಂದು. ಕೂಸಿಗೆ ಎರೆಯಲು ಪಟ್ಟಣದಿಂದ ನರ್ಸೊಬ್ಬಳು ಬರುತ್ತಿದ್ದಳು. ಅವಳು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂಸನ್ನು ಅದ್ದಿ ತೆಗೆಯುತ್ತಿದ್ದಳು, ಕೂಸು ಚೀರುತ್ತಿತ್ತು, ಹಂಪಮ್ಮ ಹಿತ್ತಲಲ್ಲಿ ನಿಂತು ಗೋಡೆಯ ಆಚೆಯಿಂದ ಕೇಳಿಸಿಕೊಳ್ಳುತ್ತಿದ್ದಳು.

ಆ ವಾರ ಮಹಾನಂದಾ ಎಲ್ಲವನ್ನೂ ಪ್ರಯತ್ನಿಸಿದಳು. ಗಂಡ ವೀರೇಶನ ಹಿಮ್ಮಡಿ ಪಟ್ಟಿಯನ್ನು ಅತ್ತೆಯ ಕಾಲಿಗೆ ತೊಡಿಸಿ ನೋಡಿದಳು. ಮುದುಕಿಯ ಸಣಕಲು ಹಿಮ್ಮಡಿಯಿಂದ ಅದು ಜಾರಿಬಿತ್ತು. ದಾರ ಕಟ್ಟಿ ಎರಡು ಹೆಜ್ಜೆ ನಡೆಸಿದರೆ, "ಎತ್ತಿಗೆ ಲಾಳ ಹೊಡದಂಗೈತೆ" ಎಂದು ಹಂಪಮ್ಮ ಬಿಚ್ಚಿ ಎಸೆದಳು. ಹುಡುಗಿಯರ ಗೆಜ್ಜೆ ತಂದುಕೊಟ್ಟರೆ ಮುಖ ಆಚೆ ತಿರುಗಿಸಿದಳು. ತನ್ನದೇ ಮಾದರಿ ಪಟ್ಟಿ ಒಂದೇ ಒಂದು ಇತ್ತು, ಅದು ಕಡತದ ಜೊತೆ ಯಾವುದೋ ಕಪಾಟಿನಲ್ಲಿತ್ತು. ಇನ್ನೊಂದನ್ನು ಮಾಡಿ ಕಟ್ಟೋಣವೆಂದರೆ, ಮಂಜೂರಾಗದ ಪಟ್ಟಿ ಕಟ್ಟಿದವರು ಕೂಸು ಮುಟ್ಟಬಹುದೆಂದು ಯಾರು ಒಪ್ಪುತ್ತಾರೆ? ನಿವೇದಿತಾಳೇ ಒಪ್ಪುತ್ತಿರಲಿಲ್ಲ. ಕೊನೆಗೆ ಮಹಾನಂದಾ ಯೋಜನೆಯ ಮುದ್ರೆಯಿದ್ದ ಉಂಗುರದ ಜೋಡಿಯನ್ನು ಅತ್ತೆಯ ಮುಂದಿಟ್ಟಳು.

"ಇದು ಮುತ್ತೈದೆತನದ್ದಲ್ಲ ಅತ್ತೀ, ಬರೇ ತಾಮ್ರ. ಒಂದು ವೈರು ಅನ್ಕೊಂಡು ಹಾಕ್ಕೊಳ್ರಿ. ಕೂಸು ಎತ್ಕಬೋದು."

ಹಂಪಮ್ಮ ಉಂಗುರಗಳನ್ನು ಮುಟ್ಟಲಿಲ್ಲ. ದನಿ ಏರಿಸಲೂ ಇಲ್ಲ. "ನಿಮ್ ಮಾವ ಸತ್ತಾಗ ನಾಕು ಹೆಂಗಸ್ರು ನನ್ನ ಹಿಡಕಂಡು ಬಿಚ್ಚಿದ್ರು. ಎಡಗಾಲಿನ್ದು ಬರ್ಲಿಲ್ಲ, ಸೋಪು ಹಚ್ಚಿ ಎಳದ್ರು. ಈಗ ನಿಮ್ ಆಫೀಸ್ನೋರು ಹಾಕ್ಕ ಅಂತಾರೆ. ಈ ಕಾಲು ನಂದು ಅಂತ ಆಗೋದು ಯಾವಾಗ್ಲೇ ಯಮ್ಮಾ?"

ಮಹಾನಂದಾಳಿಗೆ ಸಿಟ್ಟು ಬಂತು. ಅತ್ತೆಯ ಮೇಲೆ, ಆ ನಾಲ್ಕು ಹೆಂಗಸರ ಮೇಲೆ, ತನ್ನ ಮೇಲೆ. ಎಲ್ಲಕ್ಕಿಂತ ಹೆಚ್ಚು, ಮುದುಕಿಯ ಮಾತಿನಲ್ಲಿ ಒಂದು ಪದವೂ ತಪ್ಪಿಲ್ಲವಲ್ಲ ಎಂಬುದರ ಮೇಲೆ. ಇಷ್ಟು ಹಟ ಮಾಡಿದರೆ ಕೂಸು ದೊಡ್ಡದಾಗಿಬಿಡುತ್ತದೆ ಎಂದು ಗೊಣಗಿ ಒಳಗೆ ಹೋದಳು. ಹಾಗೆ ಅಂದದ್ದು ಮರುಕ್ಷಣವೇ ನಾಲಿಗೆಯ ಮೇಲೆ ಕಹಿಯಾಯಿತು.

ಹದಿನೈದು ದಿನ ಕಳೆದು ಮುಖ್ಯ ಇಂಜಿನಿಯರರಿಂದ ಕರೆ ಬಂತು. ದೇಶಮುಖರು ನಗುನಗುತ್ತ ಒಂದು ಆದೇಶವನ್ನು ಅವಳತ್ತ ಸರಿಸಿದರು. ನಿಮ್ಮ ಪಟ್ಟಿ ಮಂಜೂರಾಯಿತು, ಹನ್ನೊಂದು ತಿಂಗಳ ಹೋರಾಟ ಸಾರ್ಥಕ ಎಂದರು. ಮಹಾನಂದಾ ನಿಂತೇ ಓದಿದಳು. ಕಣಕಾಲ ಪಟ್ಟಿ, ನೆಲಕ್ಕೆ ಕುಚ್ಚು, ಅವಳ ಮಾದರಿಯೇ. ಎರಡನೆಯ ಪುಟದಲ್ಲಿ, ವಿಧವಾ ವರ್ಗದ ಫಲಾನುಭವಿಗಳಿಗೆ ಮಾತ್ರ ಎಂದಿತ್ತು. ಬಣ್ಣ ಕಪ್ಪು. ಪ್ರತಿ ಪಟ್ಟಿಯ ಮೇಲೆ ಕ್ರಮಸಂಖ್ಯೆ. ಒಟ್ಟು ನಾನೂರ ಹನ್ನೆರಡು.

"ಸರ್, ನಾನು ಎಲ್ಲರಿಗೂ ಅಂತ ಬರೆದಿದ್ದೆ."

"ಎಲ್ಲರಿಗೂ ಉಂಗುರ ಇದೆಯಲ್ಲಮ್ಮ. ಇಲ್ಲದೋರಿಗೆ ಕೊಟ್ಟಿದೀವಿ."

"ಕಪ್ಪು ಯಾಕೆ ಸರ್? ದೂರದಿಂದ್ಲೇ ಗೊತ್ತಾಗ್ತದೆ ಯಾರು ಅಂತ."

ಅದಕ್ಕೇ, ಎಂದರು ದೇಶಮುಖರು, ಗೊತ್ತಾಗಲಿ ಎಂತಲೇ. ಪಟ್ಟಿ ಕಟ್ಟಿದ್ದಾರೋ ಇಲ್ಲವೋ ಎಂದು ಸುರಕ್ಷಾ ಸಿಬ್ಬಂದಿಗೆ ದೂರದಿಂದ ಕಂಡರೆ ಒಳ್ಳೆಯದಲ್ಲವೆ? ಅವರ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಇವರು ಒಂದು ಸಮಸ್ಯೆ ಬಗೆಹರಿಸಿದ ಸಮಾಧಾನದಲ್ಲಿದ್ದರು, ಎರಡು ವರ್ಷದ ಹಿಂದೆ ಅವಳು ಇದ್ದ ಹಾಗೆಯೇ. ಎಲ್ಲರಿಗೂ ಒಂದೇ ಪಟ್ಟಿ ಬೇಕೆಂದು ಅವಳು ಬೇರೆ ಬೇರೆ ಮಾತಿನಲ್ಲಿ ಮೂರು ಸಲ ಹೇಳಿದಳು. ಅವರು ಮೂರು ಸಲವೂ ತಾಳ್ಮೆಯಿಂದ ಕೇಳಿ, ಬೇಕಿದ್ದರೆ ಹೊಸ ಪತ್ರ ಬರೆಯಿರಿ, ಕಡತ ತೆರೆಯೋಣ ಎಂದರು. ಹಂಚಿಕೆ ಮಾತ್ರ ನಾಳೆಯೇ ಆಗಬೇಕು, ನಿಮ್ಮ ಕೈಯಿಂದಲೇ ಆಗಲಿ, ನಿಮ್ಮ ಕೂಸಲ್ಲವೆ ಅದು ಎಂದು ಸೇರಿಸಿದರು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಶಾಲೆಯ ವರಾಂಡದಲ್ಲಿ ಮೇಜು ಹಾಕಿ, ನಾಲ್ಕು ರಟ್ಟಿನ ಪೆಟ್ಟಿಗೆ ತುಂಬ ಕಪ್ಪು ಪಟ್ಟಿಗಳನ್ನಿಟ್ಟುಕೊಂಡು ಮಹಾನಂದಾ ಕೂತಳು. ಹೆಂಗಸರು ಬಂದರು. ಒಬ್ಬರಿಗೊಬ್ಬರು ತಾಗದಂತೆ ಒಂದೊಂದು ಮಾರು ಬಿಟ್ಟು ಸಾಲು ನಿಂತರು. ಹನ್ನೆರಡು ತಿಂಗಳಲ್ಲಿ ಅದು ಅಭ್ಯಾಸವಾಗಿತ್ತು. ಸಂತೆಯಲ್ಲಿ ಸೊಪ್ಪು ಮಾರುವ ದುರುಗಮ್ಮ ಮೊದಲನೆಯವಳು. ಪಟ್ಟಿಯನ್ನು ತಿರುಗಿಸಿ ನೋಡಿ, ಅಲ್ಲೇ ಬಗ್ಗಿ ಕಟ್ಟಿಕೊಂಡಳು. "ಗಿರಾಕಿ ನನ್ನ ಕೈಯಾಗಿಂದ ಸೊಪ್ಪು ಇಸ್ಕಂಬಲ್ರು, ನೆಲಕ್ಕಿಡು ಅಂತಾರೆ. ಕಪ್ಪಾದ್ರೇನು, ಕಟ್ಟಿದ್ರಾತು" ಎಂದಳು. ಹಾಗೆ ಕೆಲವರು ತೆಗೆದುಕೊಂಡರು. ಆರನೆಯವಳು ಸುಂಕಮ್ಮ, ಮೂವತ್ತರ ಹುಡುಗಿ, ಹೋದ ವರ್ಷ ಗಂಡ ಸತ್ತವಳು. ಪಟ್ಟಿಗೆ ಕೈ ಚಾಚುವ ಮೊದಲು, ಇದು ಎಲ್ಲರಿಗೋ ನಮಗಷ್ಟೇನೋ ಎಂದು ಕೇಳಿದಳು. ನಿಮಗೆ ಮಾತ್ರ ಎಂದಳು ಮಹಾನಂದಾ. ಸುಂಕಮ್ಮ ಪೆಟ್ಟಿಗೆಯೊಳಗೆ ನೋಡಿದಳು. ಆಮೇಲೆ ಪಟ್ಟಿ ಮುಟ್ಟದೆ ತಿರುಗಿ ಹೋದಳು. ಅವಳ ಹಿಂದಿದ್ದವರು ಸಾಲಿನಲ್ಲಿಯೇ ಗುಸುಗುಸು ಮಾತಾಡಿಕೊಂಡರು. ಹತ್ತು ಗಂಟೆಯ ಹೊತ್ತಿಗೆ ಮೂವತ್ತೊಂದು ಪಟ್ಟಿ ಖಾಲಿಯಾಗಿದ್ದವು, ಸಾಲು ಕರಗಿತ್ತು.

ಮೂವತ್ತೇಳನೆಯ ಕ್ರಮಸಂಖ್ಯೆ ಹಂಪಮ್ಮನದು. ಮಹಾನಂದಾ ಆ ಪಟ್ಟಿಯನ್ನು ಕೈಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದಳು. ಅತ್ತೆಗೆ ಏನೆಂದು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಕಟ್ಟಿಕೊಳ್ಳಿ ಎನ್ನಲು ಬಾಯಿಲ್ಲ. ಬೇಡ ಎಂದರೆ ಕೂಸು ಇಲ್ಲ. ನಿವೇದಿತಾ ಇನ್ನೊಂದು ತಿಂಗಳಲ್ಲಿ ಗಂಡನ ಮನೆಗೆ ಹೊರಡುತ್ತಾಳೆ, ಅಷ್ಟೇ ಉಳಿದಿರುವುದು.

ಮನೆಯ ಮುಂದೆ ಇಳಿಯುವಾಗಲೇ ಹಿತ್ತಲ ಬಚ್ಚಲಿನಿಂದ ಕೂಸಿನ ಸದ್ದು ಕೇಳಿಸಿತು. ಅಳುವಲ್ಲ, ಕೇಕೆಯಂಥ ಏನೋ. ನರ್ಸು ಇವತ್ತು ರಜೆ ಹಾಕಿದ್ದು ನೆನಪಾಯಿತು. ನಡುಮನೆ ದಾಟಿ ಓಡಿದಳು.

ಬಚ್ಚಲುಕಲ್ಲಿನ ಮೇಲೆ ಮಣೆ. ಮಣೆಯ ಮೇಲೆ ಹಂಪಮ್ಮ, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಕಾಲು ನೀಡಿಕೊಂಡು. ಹಿಮ್ಮಡಿಗಳು ಹರಿಯುವ ನೀರಿನಲ್ಲಿ. ಕೂಸು ಅವಳ ಕಾಲ ಮೇಲೆ ಬೋರಲು ಮಲಗಿ ಎಣ್ಣೆಯಲ್ಲಿ ಮಿಂಚುತ್ತಿತ್ತು. ಪಕ್ಕದಲ್ಲಿ ನಿವೇದಿತಾ ಟವೆಲು ಹಿಡಿದು ಕುಕ್ಕುರುಗಾಲಲ್ಲಿ ಕೂತಿದ್ದಳು. ಅಜ್ಜಿ ಒದ್ದೆ ನೆಲದ ಮೇಲೆ ಕೂತು ಮೊದಲು ನನ್ನ ಕೈ ಹಿಡಿದಳು, ಕಡಿಯಲಿಲ್ಲ, ಆಮೇಲೆಯೇ ಕೂಸು ಕೊಟ್ಟೆ ಎಂದು ತಾಯಿಯ ಮುಖ ನೋಡಿ ತಡವರಿಸಿದಳು.

ಮಹಾನಂದಾ ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಹನ್ನೊಂದು ತಿಂಗಳಿನಿಂದ ಹೆದರಿದ್ದ ಹೆದರಿಕೆ ಅವಳನ್ನು ಮುಂದೆ ತಳ್ಳಿತು. ಬಗ್ಗಿ ಕೂಸಿನ ತೋಳಿಗೆ ಕೈ ಹಾಕಿದಳು.

ಚಟ್ಟೆಂದಿತು. ನೀಲಿ ಎಳೆಯೊಂದು ಅವಳ ಬೆರಳಿನಿಂದ ಕೂಸಿನ ಹೆಗಲಿಗೆ ಹಾರಿದ್ದು ಮೂವರಿಗೂ ಕಂಡಿತು. ಕೂಸು ಕಿಟಾರನೆ ಕಿರುಚಿಕೊಂಡಿತು. ನಿವೇದಿತಾ ಟವೆಲಿನಿಂದ ಕೂಸನ್ನು ಮುಚ್ಚಿ ತಾಯಿಯ ಕೈಯನ್ನು ಆಚೆ ತಳ್ಳಿದಳು.

"ಚಪ್ಲಿ ಬಿಚ್ಚಿ ಬಾ" ಎಂದಳು ಹಂಪಮ್ಮ.

ಮಹಾನಂದಾ ತನ್ನ ಕಾಲು ನೋಡಿಕೊಂಡಳು. ರಬ್ಬರ್ ಚಪ್ಪಲಿ. ಅವಸರದಲ್ಲಿ ಬಾಗಿಲಲ್ಲಿ ಬಿಟ್ಟಿರಲಿಲ್ಲ. ಸ್ಕೂಟರಿನ ಮೇಲೆ, ಚಪ್ಪಲಿಯ ಮೇಲೆ, ಬಿಸಿಲಿನ ಬೀದಿಯಲ್ಲಿ ಅವಳ ಉಂಗುರ ಯಾವ ಗೆರೆಯನ್ನೂ ಮುಟ್ಟಿರಲಿಲ್ಲ. ಉಂಗುರ ಸುಮ್ಮನೆ ಬೆರಳಲ್ಲಿತ್ತು.

ಹಂಪಮ್ಮ ಕೂಸಿನ ಹೆಗಲಿಗೆ ಎಣ್ಣೆ ಸವರಿ, ಗುನುಗುತ್ತ ಬೆನ್ನು ತಟ್ಟಿದಳು. ಅಳು ಬಿಕ್ಕಳಿಕೆಗೆ ಇಳಿಯಿತು. ಮಹಾನಂದಾ ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಬಂದು ಹೊಸ್ತಿಲಲ್ಲಿ ನಿಂತಳು. ಒದ್ದೆಯಾದರೆ ಹಿಮ್ಮಡಿಯ ಚರ್ಮವೂ ದಾರಿ ಬಿಡುತ್ತದೆ. ಮೊದಲ ವರ್ಷದ ಪಾಠ. ಅದನ್ನು ಅವಳು ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದಳು.

"ನೀರಾಗ ಕಡಿಯಲ್ಲ ಅಂತ ನಿಮಗೆ ಯಾವಾಗ ಗೊತ್ತಾತು ಅತ್ತೀ?"

"ಮೊದಲ್ನೇ ತಿಂಗ್ಳು. ಪಾತ್ರೆ ತಿಕ್ಕುವಾಗ. ಎಲ್ಲಾ ಮುಂಡೇರಿಗೂ ಗೊತ್ತೈತೆ."

"ಮತ್ತೆ ಹೇಳ್ಳಿಲ್ಲ ಯಾಕೆ?"

ಹಂಪಮ್ಮ ಚೊಂಬಿನಿಂದ ನೀರು ಮೊಗೆದು, ಕೂಸಿನ ತಲೆಗೆ ಅಂಗೈ ಅಡ್ಡ ಹಿಡಿದು ಹೊಯ್ದಳು. "ನೀನು ಬರೀತಿದ್ದಿ. ಕೇಳ್ಳಿಲ್ಲ" ಎಂದಳು.

ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಮುದುಕಿ ನೀರಿನ ಬಿಸಿ ಹೇಳುವಷ್ಟೇ ಸಲೀಸಾಗಿ ಹೇಳಿದ್ದಳು. ಮಹಾನಂದಾಳಿಗೆ ಆ ಕಡತದ ಒಂದೊಂದು ಪುಟವೂ ಕಣ್ಣಮುಂದೆ ಬಂತು. ಪ್ರತಿ ಪತ್ರದಲ್ಲೂ ಅವರ ಕಷ್ಟ, ಅವರ ಘನತೆ, ಅವರ ಹಕ್ಕು. ಅವರಲ್ಲಿ ಒಬ್ಬರನ್ನು ಕೂರಿಸಿಕೊಂಡು ನೀವು ಹೇಗೆ ನಿಭಾಯಿಸುತ್ತಿದ್ದೀರಿ ಎಂದು ಕೇಳಿದ ಒಂದು ಸಾಲೂ ಇಲ್ಲ. ಎರೆಯುವುದಕ್ಕೆ ಪಟ್ಟಿ ಬೇಕಿರಲಿಲ್ಲ. ಬೀದಿಗೆ ಬೇಕಿತ್ತು, ಸಂತೆಗೆ ಬೇಕಿತ್ತು, ಅಲ್ಲಿ ಯಾರೂ ಕಾಲಡಿಗೆ ನೀರು ಹೊಯ್ದುಕೊಂಡು ಓಡಾಡಲಾರರು. ಆದರೆ ಕಾವಿಗುಡ್ಡದಲ್ಲಿ ಹನ್ನೊಂದು ತಿಂಗಳಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಅವಳ ಸಹಿಯ ಒಂದು ಹಾಳೆ ಈ ಕೈಗಳಿಂದ ದೂರ ಇಟ್ಟಿತ್ತು.

ಕೈಚೀಲದಲ್ಲಿರುವುದೇನು ಎಂದು ಹಂಪಮ್ಮ ಕೇಳಲಿಲ್ಲ. ಮಹಾನಂದಾ ಹೇಳಲೂ ಇಲ್ಲ.

"ಕೂಕ. ಕಾಲು ಚಾಚು" ಎಂದು ಅತ್ತೆ ಮಣೆಯ ಪಕ್ಕದ ಒದ್ದೆ ಕಲ್ಲನ್ನು ತೋರಿಸಿದಳು. ಮಹಾನಂದಾ ಕಚೇರಿಯ ಸೀರೆಯಲ್ಲೇ ಕೂತಳು. ನೀರು ತೊಡೆಯ ಕೆಳಗೆ ಹರಿದು ಹಿಮ್ಮಡಿ ತೊಯಿಸಿತು. ಹಂಪಮ್ಮ ಕೂಸನ್ನು ಎತ್ತಿ ಅವಳ ಕಾಲ ಮೇಲೆ ಮಲಗಿಸಿದಳು. ಈ ಸಲ ಏನೂ ಆಗಲಿಲ್ಲ. ಕೂಸು ಅವಳ ಕಣಕಾಲನ್ನು ಒದ್ದಿತು. ಕತ್ತು ಹೀಗೆ ಹಿಡಿ, ಬೆರಳು ಬಿಗಿ ಮಾಡಬೇಡ ಎಂದು ಮುದುಕಿ ಹೇಳುತ್ತಿದ್ದಳು, ಅವಳು ಹಾಗೆಯೇ ಮಾಡುತ್ತಿದ್ದಳು. ಮೈಯಲ್ಲಿದ್ದ ಆವೇಶವೆಲ್ಲ ಇಷ್ಟು ಹೊತ್ತಿಗೆ ಭೂಮಿಗೆ ಇಳಿದುಹೋಗಿರುತ್ತದೆ ಎಂದು ಅವಳೊಳಗಿನ ಇಂಜಿನಿಯರು ಲೆಕ್ಕ ಹಾಕಿದಳು. ಶಾಲೆಯ ವರಾಂಡದಲ್ಲಿ ಮುನ್ನೂರ ಎಂಬತ್ತು ಪಟ್ಟಿಗಳು ಅವಳಿಗಾಗಿ ಕಾಯುತ್ತಿದ್ದವು. ತನ್ನ ಸಹಿಯ ಆ ಪ್ರಕಟಣೆಯನ್ನು ಹಿಂತೆಗೆದುಕೊಳ್ಳಬೇಕೆಂದರೂ ಅದಕ್ಕೆ ಮತ್ತೊಂದು ಕಡತ ಬೇಕಿತ್ತು.